ಮಂಜು ನೋಡಲು ಹೋದವರೇ, ಆ ನೀರು ನಾವೇ ಕುಡಿಯಬೇಕು

ಮಳೆಗಾಲ ಬಂದರೆ ಸಾಕು, ಟಿಕೋಟಾ, ಬಬಲೇಶ್ವರ ಕಡೆಯ ಹುಡುಗರ ಸ್ಟೇಟಸ್ ತುಂಬ ಮಂಜು. ಕ್ರೂಸರ್ ಬಾಡಿಗೆ ಹಿಡಿದು ಮಹಾಬಳೇಶ್ವರ, ಲೋಣಾವಳಾ ಅಂತ ಹೊರಡುತ್ತಾರೆ. ಹೋಗಬೇಡಿ ಅಂತ ಹೇಳಲು ಈ ಬರಹ ಅಲ್ಲ. ನಾವೂ ಹೋಗಿದ್ದೇವೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ನಮಗೆ, 5,000 ಮಿ.ಮೀ. ದಾಟಿ ಸುರಿಯುವ ಗುಡ್ಡ ನೋಡುವ ಆಸೆ ಸಹಜ.

ಹೋದ ಆಗಸ್ಟ್‌ನಲ್ಲಿ ನಾವು ಐದು ಮಂದಿ ರಾತ್ರಿ ವಿಜಯಪುರ ಬಿಟ್ಟು, ಮುಂಜಾನೆ ವಾಯಿ ದಾಟಿ, ಗುಡ್ಡದ ಬುಡದ ಒಂದು ಹಳ್ಳಿಯಿಂದ ಮಹಾಬಳೇಶ್ವರದ ಕಡೆ ಏರಿದೆವು. ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುತ್ತಿರಲಿಲ್ಲ. ದಾರಿ ತೋರಿಸಲು ಆ ಊರಿನ ಅಜ್ಜ ಒಬ್ಬರು ಬಂದಿದ್ದರು. ಮೊಣಕಾಲುದ್ದ ನೀರಿದ್ದ ಹಳ್ಳವೊಂದನ್ನು ದಾಟಲು ನಾವು ಅವಸರ ಮಾಡಿದಾಗ ಕೋಲು ಅಡ್ಡ ಹಿಡಿದರು. "ಪಾಣೀ ಲಾಲ ಝಾಲಂ, ಥಾಂಬಾ" ಅಂದರು. ನೀರು ಕೆಂಪಾಗಿದೆ, ನಿಲ್ಲಿ. ಮೇಲೆ ಜೋರು ಮಳೆ ಬಿದ್ದಿದೆ ಅನ್ನುವುದಕ್ಕೆ ಆ ಬಣ್ಣವೇ ಗುರುತು. ಸ್ವಲ್ಪ ಹೊತ್ತಿಗೆ ಅದೇ ಹಳ್ಳ ಎದೆಮಟ್ಟ ಹರಿಯಿತು. ಅಜ್ಜ ಇರದಿದ್ದರೆ ಈ ಬರಹವನ್ನು ಬೇರೆ ಯಾರೋ ಬರೆಯಬೇಕಿತ್ತು.

ಮೇಲೆ ಹೋದಾಗ ಇನ್ನೊಂದು ಕಂಡೆವು. ತೊರೆಯ ಕಲ್ಲುಗಳ ನಡುವೆ ಬಾಟಲಿ, ಗುಟಖಾ ಚೀಟಿ, ತಟ್ಟೆ. ಅವುಗಳಲ್ಲಿ ಒಂದು ಚೂಡಾ ಪಾಕೀಟಿನ ಮೇಲೆ ಕನ್ನಡ ಅಕ್ಷರ, ನಮ್ಮ ಜಿಲ್ಲೆಯ ವಿಳಾಸ. ಅಜ್ಜ ಅದನ್ನು ನೋಡಿ ಏನೂ ಅನ್ನಲಿಲ್ಲ. ನಾವೇ ತಲೆ ತಗ್ಗಿಸಿದೆವು.

ಆ ತೊರೆ ಎಲ್ಲಿಗೆ ಹೋಗುತ್ತದೆ? ಕೃಷ್ಣೆಗೆ. ವಾಯಿ, ಕರಾಡ, ಸಾಂಗ್ಲಿ ದಾಟಿ, ಹಿಪ್ಪರಗಿ ಬ್ಯಾರೇಜು ದಾಟಿ ಆಲಮಟ್ಟಿಗೆ ಬರುತ್ತದೆ. ವಿಜಯಪುರ ನಗರದ ನಳಕ್ಕೆ ಕೊಲ್ಹಾರದ ಹತ್ತಿರದಿಂದ ಬರುವುದು ಇದೇ ನೀರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನಮ್ಮ ಕೆರೆ ತುಂಬುವುದೂ ಇದೇ ನೀರು. ದ್ರಾಕ್ಷಿ ಪಡಕ್ಕೆ ಒಂದು ಟ್ಯಾಂಕರ್ ನೀರಿಗಾಗಿ ಸಾಲ ಮಾಡಿದ ಊರಿನ ಮಗ, ಆ ನೀರು ಹುಟ್ಟುವ ಜಾಗಕ್ಕೆ ಹೋಗಿ ಕಸ ಚೆಲ್ಲಿ ಬರುತ್ತಾನೆ. ಇದಕ್ಕೆ ಏನನ್ನಬೇಕು?

"ಸರಕಾರ ಬಂದ್ ಮಾಡಲಿ" ಅನ್ನುವವರಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ನಮ್ಮ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಮಂದಿ ಅಂತ ಮಿತಿ ಹಾಕಿತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ಒಳಗೆ ಬಿಟ್ಟ 300 ಮಂದಿಯೂ ಪಾಕೀಟು ಎಸೆದರೆ? ಬುದ್ಧಿಯನ್ನು ಆನ್‌ಲೈನ್ ಬುಕ್ ಮಾಡಲು ಬರುವುದಿಲ್ಲ.

ಜೀವದ ಮಾತೂ ಅಷ್ಟೇ. 2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ, ವಿಡಿಯೋ ಮಾಡಿಸಿಕೊಳ್ಳುತ್ತಿದ್ದ ಯುವಕ ಕಾಲು ಜಾರಿ ಹೋದ. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಡ್ಯಾಮಿನ ಹತ್ತಿರ ಒಂದೇ ಕುಟುಂಬದ 5 ಮಂದಿ ಕೊಚ್ಚಿಹೋದರು. ಆ ಹಳ್ಳದ ನೀರು ಇಂದ್ರಾಯಣಿ ಸೇರಿ, ಭೀಮೆಯಾಗಿ ನಮ್ಮ ಚಡಚಣ, ಇಂಡಿ ಕಡೆಗೇ ಬರುತ್ತದೆ. ಬಾವಿಯಲ್ಲಿ ಈಜು ಕಲಿತವರಿಗೆ ಗುಡ್ಡದ ನೀರಿನ ಸೆಳೆತ ಗೊತ್ತಿರುವುದಿಲ್ಲ. ಅಲ್ಲಿ ಧೈರ್ಯ ನಡೆಯುವುದಿಲ್ಲ, ಅಲ್ಲಿಯವರ ಮಾತು ನಡೆಯುತ್ತದೆ.

ಹಾಗಾಗಿ ನಮ್ಮ ಮಾತು ಇಷ್ಟು. ಏರುವ ಮುಂಚೆ ಆ ಊರಿನವರನ್ನು ಕೇಳಿ, ಒಬ್ಬರನ್ನು ಕೂಲಿ ಕೊಟ್ಟು ಕರೆದುಕೊಳ್ಳಿ. ಕೆಂಪು ನೀರು ದಾಟಬೇಡಿ. ಮಧ್ಯಾಹ್ನ ಮೂರಕ್ಕೆ ಇಳಿಯಲು ಶುರು ಮಾಡಿ. ಕ್ರೂಸರ್ ಮಾಲೀಕರೇ, ಗಾಡಿಯಲ್ಲಿ ಒಂದು ಖಾಲಿ ಗೊಬ್ಬರದ ಚೀಲ ಇಡಿ, ಒಯ್ದದ್ದು ಅದರಲ್ಲೇ ವಾಪಸ್ ಬರಲಿ. ಮಾಸ್ತರರೇ, ಪ್ರವಾಸ ಅಂತ ಆಲಮಟ್ಟಿ ಗಾರ್ಡನ್ ತೋರಿಸುತ್ತೀರಿ, ಆ ನೀರು ಎಲ್ಲಿಂದ ಬಂತು ಅಂತಲೂ ಮಕ್ಕಳಿಗೆ ಹೇಳಿ.

ಆ ಚೂಡಾ ಪಾಕೀಟನ್ನು ನಾವು ಕಿಸೆಯಲ್ಲಿ ಹಾಕಿಕೊಂಡು ಬಂದೆವು. ಒಂದನ್ನು ತಂದೆವು, ಅಷ್ಟೇ. ಉಳಿದವು ನಮಗಿಂತ ಮೊದಲು ಹೊಳೆ ಹಿಡಿದು ಊರಿಗೆ ಹೊರಟಿದ್ದವು.