ಹಳೆಯ ಕಾರಿನ ಆರೈಕೆ ಮತ್ತು ಹಳ್ಳದ ನೀರು

ಮಲೆನಾಡಿನ ಅನೇಕ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಹಳೆಯ ಮಾರುತಿ 800 ನಿಂತಿರುವುದನ್ನು ಕಾಣುತ್ತೇವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ಆದರೂ ದಿನಕ್ಕೊಂದೋ ಎರಡೋ ಬಸ್ಸು ಬರುವ ಊರುಗಳಲ್ಲಿ ಆಸ್ಪತ್ರೆಗೆ, ಸೊಸೈಟಿಗೆ, ಮಕ್ಕಳ ಶಾಲೆಗೆ ಅದೇ ಆಧಾರ. ಅದನ್ನು ಗ್ಯಾರೇಜಿಗೆ ಒಯ್ಯದೆ ಅಂಗಳದಲ್ಲಿಯೇ ಸರಿಪಡಿಸಿಕೊಳ್ಳುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಈ ಅಭ್ಯಾಸವು ಪರಿಸರಕ್ಕೆ ಹಿತವೇ, ಅಹಿತವೇ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಹಿತವೆನ್ನಲು ಬಲವಾದ ಕಾರಣಗಳಿವೆ. ಹೊಸ ಕಾರಿಗೆ ಬೇಕಾಗುವ ಕಬ್ಬಿಣ ಯಾವುದೋ ಬೆಟ್ಟದ ಒಡಲಿನಿಂದಲೇ ಬರಬೇಕು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಾಗ ಸಂತೋಷಪಟ್ಟ ನಾವು, ಇರುವ ವಸ್ತುವನ್ನು ಹೆಚ್ಚು ಕಾಲ ಬಾಳಿಸುವುದೂ ಆ ಹೋರಾಟದ ಮುಂದುವರಿಕೆಯೆಂದು ತಿಳಿಯಬೇಕು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿ.ಎಸ್. 6 ಮಾನದಂಡವನ್ನು ಹಳೆಯ ಎಂಜಿನ್ನು ಮುಟ್ಟಲಾರದು, ನಿಜ. ಆದರೆ ಆರೈಕೆ ಕಂಡ ಎಂಜಿನ್ನಿಗೂ ಕಾಣದ ಎಂಜಿನ್ನಿಗೂ ಅಜಗಜಾಂತರ. ಬೇಸಿಗೆಯ ಕೆಂಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡರೆ, ಕಾರ್ಬ್ಯುರೇಟರ್ ಇರುವ ಎಂಜಿನ್ನಿಗೆ ಗಾಳಿ ಸಾಲದೆ ಪೆಟ್ರೋಲು ಅರೆಬರೆ ಉರಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೂ ಬಹಳಷ್ಟು ತಿಳಿಯುತ್ತದೆ. ತುದಿ ತಿಳಿಗಂದಾಗಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಪೋಲಾಗುತ್ತಿದೆ. ಜಿಡ್ಡು ಹಿಡಿದಿದ್ದರೆ ಒಳಗೆ ಎಣ್ಣೆ ಸುಡುತ್ತಿದೆ. ಇದನ್ನು ಅರಿಯಲು ಯಾವ ಪದವಿಯೂ ಬೇಕಿಲ್ಲ.

ಇನ್ನು ಅಹಿತದ ಮಾತು. ಇಲ್ಲಿ ನನ್ನ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ. ಮೊದಲ ಸಲ ನಾನೇ ಎಂಜಿನ್ ಆಯಿಲ್ ಬದಲಾಯಿಸಿದಾಗ, ಬೋಗುಣಿಗೆ ಇಳಿದ ಸುಮಾರು ಮೂರು ಲೀಟರ್ ಕಪ್ಪು ಎಣ್ಣೆಯಲ್ಲಿ ಸ್ವಲ್ಪವನ್ನು ಗೆದ್ದಲು ಹತ್ತದಿರಲೆಂದು ಬೇಲಿಗೂಟಗಳಿಗೆ ಬಳಿದು, ಉಳಿದುದನ್ನು ತೋಟದಂಚಿನ ಗುಂಡಿಗೆ ಸುರಿದೆ. ಜೂನ್ ತಿಂಗಳ ಮಳೆಗೆ ಗುಂಡಿ ತುಂಬಿ ಹರಿಯಿತು. ದನಗಳು ಕುಡಿಯುವ, ಬೇಸಿಗೆಯಲ್ಲಿ ಅಡಕೆಗೆ ಆಸರೆಯಾಗುವ ಹಳ್ಳದ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಸರ್ವಿಸಿನ ಖರ್ಚು ಉಳಿಸಿದೆನೆಂದು ನಾನು ಬೀಗುತ್ತಿದ್ದೆ. ಅದರ ಬೆಲೆ ತೆತ್ತವರು ಹಳ್ಳದ ಕೆಳಗಿನ ಮನೆಯವರು.

ಬಳಸಿದ ಎಣ್ಣೆಯಲ್ಲಿ ಎಂಜಿನ್ನಿನ ಸವೆತದ ಲೋಹಕಣಗಳೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್ನುಗಳೂ ಸೇರಿರುತ್ತವೆ. ಒಂದು ಕಾರಿನಿಂದ ಒಮ್ಮೆ ಇಳಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ದೇಶದ 2016ರ ನಿಯಮಗಳೂ ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ ಎಷ್ಟು ಊರುಗಳ ಬಾಯಾರಿಕೆ ತಣಿಸುತ್ತದೆ! ನದಿಗಳ ಉಗಮದಲ್ಲಿ ವಾಸಿಸುವ ನಮ್ಮ ಅಂಗಳದ ಕೊಳೆ ಅಂಗಳದಲ್ಲಿಯೇ ಉಳಿಯುವುದಿಲ್ಲ.

ಹಾಗೆಂದು ಸ್ಪ್ಯಾನರ್ ಕೆಳಗಿಡಬೇಕಾಗಿಲ್ಲ. ಕೆಲಸವನ್ನು ಕೊನೆಯವರೆಗೂ ಮಾಡಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಎಂದೂ ನುಸುಳಬಾರದು. ಭದ್ರವಾದ ಆಸರೆ ಕೊಟ್ಟಿರಬೇಕು. ಎಂಜಿನ್ನು ಉಗುರುಬೆಚ್ಚಗಿರುವಾಗ ಎಣ್ಣೆ ಇಳಿಸಿ, ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಸೋರಲು ಬಿಡಬೇಕು. ಎಲ್ಲವನ್ನೂ ಮುಚ್ಚಳವುಳ್ಳ ಕ್ಯಾನಿನಲ್ಲಿ ತುಂಬಿಡಬೇಕು. ಅದಕ್ಕೆ ನೀರು, ಪೆಟ್ರೋಲು, ಕೂಲಂಟ್ ಬೆರೆಸಬಾರದು; ಬೆರೆತರೆ ಮರುಸಂಸ್ಕರಣೆ ಕಷ್ಟ. ಕೂಲಂಟ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ.

ಹೀಗೆ ಕೂಡಿಟ್ಟ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಕೀಲೆಣ್ಣೆಯಾಗಿ ಬಳಸಬಹುದು. ಆದರೆ ಮೂರು ಲೀಟರಿಗಾಗಿ ಯಾರೂ ಘಟ್ಟ ಹತ್ತಿ ಬರುವುದಿಲ್ಲ. ಆದ್ದರಿಂದ ಊರಿಗೊಂದು 200 ಲೀಟರಿನ ಡ್ರಮ್ಮನ್ನು ಮಳೆ ತಾಗದ ಕಡೆ, ಸೊಸೈಟಿಯ ಕಟ್ಟಡದಲ್ಲೋ ಪಂಚಾಯಿತಿಯ ಶೆಡ್ಡಿನಲ್ಲೋ ಇಡೋಣ. ಅರವತ್ತಕ್ಕೂ ಹೆಚ್ಚು ಕಾರುಗಳ ಎಣ್ಣೆ ಅದರಲ್ಲಿ ಹಿಡಿಯುತ್ತದೆ. ಯಾರು ಎಷ್ಟು ತಂದರೆಂಬ ಲೆಕ್ಕವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಬರೆದಿಡಲಿ. ತುಂಬಿದಾಗ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಘಟಕದವರಿಗೆ ಮಾತ್ರ ಒಪ್ಪಿಸೋಣ.

ನನ್ನ ಮನೆಯ ಸೌದೆಕೊಟ್ಟಿಗೆಯಲ್ಲಿ ಈಗ ಎರಡು ಕ್ಯಾನುಗಳು ತುಂಬಿ ಕುಳಿತಿವೆ. ಡ್ರಮ್ಮು ಬಂದ ದಿನ ಅದಕ್ಕೆ ಮೊದಲು ಸುರಿಯುವವನು ನಾನೇ.