ಚೀಟಿ ಕಿತ್ತ ಡಬ್ಬಿಗಳು

ನೂರಕ್ಕೆ ಹದಿನೆಂಟು ಕೂಡಿದರೆ ಎಷ್ಟು? ಎರಡನೇ ಕ್ಲಾಸಿನ ಹುಡುಗನೂ ಹೇಳಿಯಾನು. ಆದರೆ ಜಾವಾಸ್ಕ್ರಿಪ್ಟ್ ಎಂಬ ಗಣಕ ಭಾಷೆಯನ್ನು ಕೇಳಿ ನೋಡಿ. ಆ ನೂರು ಸಂಖ್ಯೆಯಾಗಿರದೆ, ಕೀಲಿಮಣೆಯಲ್ಲಿ ಒತ್ತಿದ ಬರಿಯ ಅಕ್ಷರಗಳಾಗಿದ್ದರೆ, ಹದಿನೆಂಟನ್ನು ಪಕ್ಕಕ್ಕೆ ಅಂಟಿಸಿ 10018 ಎನ್ನುತ್ತದೆ. ಬಿಲ್ಲು ತೆರಬೇಕಾದವನ ಪಾಡು ಊಹಿಸಿಕೊಳ್ಳಿ!

1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಈ ಭಾಷೆಗೆ ಕಡಿವಾಣವೆಂದು ಮೈಕ್ರೋಸಾಫ್ಟ್ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಹೊರತಂದಿತು. ಅಡುಗೆಮನೆಯ ಡಬ್ಬಿಗಳಿಗೆ ಉಪ್ಪು, ಸಕ್ಕರೆ ಎಂದು ಚೀಟಿ ಅಂಟಿಸುತ್ತೇವಲ್ಲ, ಹಾಗೆ ಇಲ್ಲಿ ಇದು ಸಂಖ್ಯೆ, ಇದು ಅಕ್ಷರ ಎಂದು ಟೈಪ್ ಬರೆಯಬಹುದು. ಕಂಪೈಲರ್ ಚೀಟಿಗಳನ್ನು ಓದಿ, ಹೊಂದದಿದ್ದರೆ ತಕರಾರು ಹೇಳಿ, ಬಳಿಕ ಅವನ್ನೆಲ್ಲ ಕಿತ್ತು ಸಾದಾ ಜಾವಾಸ್ಕ್ರಿಪ್ಟ್ ಕಡತ ಕೊಡುತ್ತದೆ. ಓಡುವುದು ಆ ಕಡತ.

ಒಂದಕ್ಷರ ತಿದ್ದಿದರೂ ಮತ್ತೆ ಕಂಪೈಲ್ ಮಾಡುವುದು ಯಾರಿಗೆ ಬೇಕು? ಟಿಎಸ್-ನೋಡ್‌ನಂಥ ಸಾಧನಗಳು ಕಡತ ಬೇಕಾದ ಗಳಿಗೆಯಲ್ಲೇ ಅದನ್ನು ಎತ್ತಿಕೊಂಡು, ಕಂಪೈಲ್ ಮಾಡಿ ಓಡಿಸತೊಡಗಿದವು. ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್.ಜೆಎಸ್ ಕೂಡ 2025ರ ಜನವರಿಯಲ್ಲಿ ಬಂದ 23.6ನೇ ಆವೃತ್ತಿಯಿಂದ ಟೈಪ್‌ಸ್ಕ್ರಿಪ್ಟ್ ಕಡತವನ್ನು ನೇರವಾಗಿ ಒಪ್ಪುತ್ತದೆ. ಉಪಾಯ ಸೊಗಸಾಗಿದೆ. ಟೈಪ್ ಇದ್ದಲ್ಲಿ ಅಷ್ಟೇ ಅಗಲದ ಖಾಲಿ ಜಾಗ ಬಿಡುತ್ತದೆ. ಹಾಗಾಗಿ ಸಾಲುಗಳು ಕದಲುವುದಿಲ್ಲ. ದೋಷ ಬಂದರೆ ನೀವು ಬರೆದ ಸಾಲಿನ ಸಂಖ್ಯೆಯೇ ಸಿಗುತ್ತದೆ.

ಆದರೆ ಒಂದು ಮಾತು ಹಲವರ ಗಮನಕ್ಕೆ ಬಂದಂತಿಲ್ಲ. ನೋಡ್ ಚೀಟಿ ಕೀಳುತ್ತದೆಯೇ ಹೊರತು ಓದುವುದಿಲ್ಲ! ಸಂಖ್ಯೆ ಎಂದು ಬರೆದಲ್ಲಿ ಅಕ್ಷರ ತುಂಬಿದ್ದರೂ ತುಟಿಪಿಟಕ್ಕೆನ್ನದೆ ಓಡಿಸಿ, ಅದೇ 10018 ಬಿಲ್ಲನ್ನು ಕೈಗಿಡುತ್ತದೆ. ಇದಕ್ಕೆ ಕಂಪೈಲ್ ಎಂಬ ಹೆಸರೇ ದೊಡ್ಡದಾಯಿತು ಎನಿಸುತ್ತದೆ ನನಗೆ. ತಪಾಸಣೆ ಬೇಕಿದ್ದರೆ ಟಿಎಸ್‌ಸಿ ಎಂಬ ಕಂಪೈಲರನ್ನು ‘ನೋಎಮಿಟ್’ ಸೂಚನೆ ಕೊಟ್ಟು ಬೇರೆಯಾಗಿಯೇ ಓಡಿಸಬೇಕು.

ಅದೂ ಎಲ್ಲ ಕಡೆ ಸಾಲದು. ನಮ್ಮ ಬಿಲ್ಲಿನ ಪ್ರೋಗ್ರಾಂ ಒಂದೊಂದು ಬಗೆಯ ಸರಕಿನ ತೆರಿಗೆ ಲೆಕ್ಕವನ್ನು ಒಂದೊಂದು ಕಡತದಲ್ಲಿಟ್ಟು, ಗಿರಾಕಿ ಕೊಂಡದ್ದನ್ನು ನೋಡಿ ಬೇಕಾದ ಕಡತವನ್ನು ಇಂಪೋರ್ಟ್ ಮಾಡಿಕೊಳ್ಳುತ್ತದೆ ಎನ್ನಿ. ಕಡತದ ಹೆಸರು ಓಡುವಾಗಷ್ಟೇ ಗೊತ್ತಾಗುವುದರಿಂದ ಕಂಪೈಲರ್ ಕೈಚೆಲ್ಲಿ, ಬಂದದ್ದಕ್ಕೆಲ್ಲ ‘ಎನಿ’, ಅಂದರೆ ಏನಾದರೂ ಇರಲಿ ಎಂಬ ಚೀಟಿ ಹಚ್ಚುತ್ತದೆ. ಸಂಖ್ಯೆಯೋ ಅಕ್ಷರವೋ ಎಂದು ನೋಡುವ ಹೊಣೆ ಪ್ರೋಗ್ರಾಂ ಬರೆಯುವವರದು. ‘ಟೈಪ್‌ಆಫ್’ ಎಂದು ಅಲ್ಲೇ ಕೇಳಿ ನೋಡಬೇಕು. ಇಂಪೋರ್ಟ್ ಆದ ಕಡತ ಸುಮ್ಮನೆ ಕೂರುವುದೂ ಇಲ್ಲ, ಬಂದೊಡನೆ ಓಡುತ್ತದೆ. ಆದ್ದರಿಂದ ಹೊರಗಿನವರು ಟೈಪಿಸಿದ ಹೆಸರನ್ನು ಹಾಗೆಯೇ ಇಂಪೋರ್ಟಿಗೆ ಕೊಡಬೇಡಿ. ಒಪ್ಪಿದ ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರಿ.

ಇನ್ನೊಂದು. ಪ್ರೋಗ್ರಾಂ ಓಡುತ್ತಿರುವಾಗಲೇ ತೆರಿಗೆಯ ಕಡತ ತಿದ್ದಿ ಮತ್ತೆ ಇಂಪೋರ್ಟ್ ಮಾಡಿದರೆ ಹಳೆಯ ದರವೇ ಬರುತ್ತದೆ. ಒಮ್ಮೆ ತಂದದ್ದನ್ನು ನೋಡ್ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿ.