ಚೀಟಿಯಲ್ಲಿ ಔಷಧದ ಹೆಸರಿರಲಿ, ಬ್ರ್ಯಾಂಡ್‌ ಅಲ್ಲ

ಮನೆಯ ತಿಂಗಳ ಖರ್ಚಿನ ಪಟ್ಟಿಯಲ್ಲಿ ಅಕ್ಕಿ, ಗ್ಯಾಸ್‌, ಕರೆಂಟು ಬಿಲ್ಲಿನ ಜೊತೆ ಈಗ ‘ಮಾತ್ರೆ’ ಎಂಬ ಸಾಲೂ ಕಾಯಂ ಆಗಿದೆ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್‌ ಇವೆಲ್ಲ ಒಂದು ವಾರ ಔಷಧ ನುಂಗಿ ಮರೆತುಬಿಡುವ ಕಾಯಿಲೆಗಳಲ್ಲ. ನನ್ನ ಅಪ್ಪ ಸಕ್ಕರೆ ಕಾಯಿಲೆಯವರು. ತಿಂಗಳ ಕೊನೆಯ ವಾರ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು. ಸಂಬಳ ಬಂದ ಮೇಲೆ ಸರಿಹೋಗುತ್ತದೆ ಎಂಬುದು ಅವರ ಲೆಕ್ಕ. ದೇಹ ಆ ಲೆಕ್ಕವನ್ನು ಒಪ್ಪುವುದಿಲ್ಲ. ಹಾಸ್ಟೆಲ್‌ನಲ್ಲಿ ಗೆಳೆಯರನ್ನು ಕೇಳಿದರೆ ಅರ್ಧದಷ್ಟು ಮಂದಿಯ ಮನೆಯಲ್ಲಿ ಇದೇ ಕಥೆ.

ಬೆಲೆಗೆ ಕಡಿವಾಣವೇ ಇಲ್ಲವೆಂದಲ್ಲ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ 2022ರ ಪರಿಷ್ಕರಣೆಯಂತೆ 384 ಔಷಧಗಳಿವೆ. ಇವುಗಳಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. ಆದರೆ ಆ ಬೆಲೆ ಸಗಟು ಬೆಲೆ ಸೂಚ್ಯಂಕದ ಜೊತೆ ಪ್ರತಿವರ್ಷ ಬದಲಾಗುತ್ತದೆ. 2022ರಲ್ಲಿ ಶೇ 10.77ರಷ್ಟು, 2023ರಲ್ಲಿ ಶೇ 12.12ರಷ್ಟು ಏರಿಕೆಗೆ ಅವಕಾಶ ಸಿಕ್ಕಿತು. ಎರಡೇ ವರ್ಷಗಳಲ್ಲಿ ಯಾರ ಅಪ್ಪನ ಸಂಬಳ ಇಷ್ಟು ಏರಿತು? ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು ಕಂಪನಿಗಳು ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಇನ್ನೊಂದು ಸಂಗತಿಯೂ ಇದೆ. 2013ರ ಬೆಲೆ ನಿಯಂತ್ರಣ ಆದೇಶ ಬಂದಮೇಲೆ ಗರಿಷ್ಠ ಬೆಲೆಯನ್ನು ಲೆಕ್ಕ ಹಾಕುವುದು ತಯಾರಿಕಾ ವೆಚ್ಚದ ಮೇಲಲ್ಲ, ಮಾರುಕಟ್ಟೆಯಲ್ಲಿರುವ ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಮೇಲೆ. ದುಬಾರಿಯದ್ದರ ಸರಾಸರಿ ದುಬಾರಿಯೇ ಆಗಿರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಸಮಾಧಾನದ ವಿಷಯ. ಆದರೆ ನಿಜವಾದ ಉಳಿತಾಯ ಇರುವುದು ತೆರಿಗೆಯಲ್ಲಲ್ಲ, ಹೆಸರಿನಲ್ಲಿ. ಸಕ್ಕರೆ ಕಾಯಿಲೆಗೆ ಕೊಡುವ ಎಂಪಾಗ್ಲಿಫ್ಲೋಜಿನ್‌ ಎಂಬ ಔಷಧದ ಪೇಟೆಂಟ್‌ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. ಪೇಟೆಂಟ್‌ ಮುಗಿದ ಕೂಡಲೇ ಹಲವು ಭಾರತೀಯ ಕಂಪನಿಗಳು ಅದೇ ಔಷಧವನ್ನು 10 ರೂಪಾಯಿಗೂ ಕಡಿಮೆಗೆ ತಂದವು. ಪೇಟೆಂಟ್‌ ಎಂದೋ ಮುಗಿದ ಔಷಧಗಳಲ್ಲೂ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೆಲೆ ಹಲವು ಪಟ್ಟು ಬದಲಾಗುತ್ತದೆ. ಜನೌಷಧಿ ಕೇಂದ್ರದಲ್ಲಿ ಇವೇ ಶೇ 50ರಿಂದ 90ರಷ್ಟು ಅಗ್ಗ.

ಹಾಗಿದ್ದರೆ ಎಲ್ಲರೂ ಅಗ್ಗದ್ದನ್ನೇ ಕೊಳ್ಳಬಹುದಲ್ಲ? ಇಲ್ಲಿಯೇ ತೊಡಕು. ಚೀಟಿಯಲ್ಲಿ ಬ್ರ್ಯಾಂಡ್‌ ಹೆಸರಿದ್ದರೆ, ಅದರ ಬದಲು ಬೇರೆಯದನ್ನು ಕೊಡಲು ಅಂಗಡಿಯವರಿಗೆ ನಿಯಮದಲ್ಲಿ ಅವಕಾಶವಿಲ್ಲ. ಅಂದರೆ ನಮ್ಮ ಖರ್ಚು ತೀರ್ಮಾನವಾಗುವುದು ಔಷಧದ ಅಂಗಡಿಯಲ್ಲಲ್ಲ, ವೈದ್ಯರ ಪೆನ್ನಿನ ತುದಿಯಲ್ಲಿ. ಜೆನೆರಿಕ್‌ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ವೈದ್ಯರ ಸಂಘಟನೆಗಳಿಂದ ವಿರೋಧ ಬಂತು. ಅದೇ ತಿಂಗಳು ಆಯೋಗವೇ ಅದನ್ನು ತಡೆಹಿಡಿಯಿತು.

ವೈದ್ಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಗುಣಮಟ್ಟ ಖಾತ್ರಿಯಿಲ್ಲದ ಮಾತ್ರೆ ಕೊಟ್ಟು ರೋಗಿಗೆ ತೊಂದರೆಯಾದರೆ ಹೊಣೆ ಯಾರದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ದುಬಾರಿ ಬೆಲೆಯೇ ಗುಣಮಟ್ಟದ ಪ್ರಮಾಣಪತ್ರವಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುವ ಕಳಪೆ ಔಷಧಗಳ ಪಟ್ಟಿಯಲ್ಲಿ ಹೆಸರಾಂತ ಬ್ರ್ಯಾಂಡ್‌ಗಳೂ ಕಾಣಿಸಿಕೊಂಡಿವೆ. ಎಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸುವುದು ಇದನ್ನೇ: ವಸ್ತು ಒಳ್ಳೆಯದೋ ಅಲ್ಲವೋ ಎಂಬುದನ್ನು ಪರೀಕ್ಷೆ ಹೇಳಬೇಕು, ಮೇಲಿನ ಲೇಬಲ್‌ ಅಲ್ಲ. ಆದ್ದರಿಂದ ಸರ್ಕಾರ ಮೊದಲು ಪ್ರಯೋಗಾಲಯಗಳನ್ನು ಬಲಪಡಿಸಲಿ. ಆ ಮೇಲೆ ಜೆನೆರಿಕ್‌ ನಿಯಮವನ್ನು ಮತ್ತೆ ಜಾರಿಗೆ ತರಲಿ.

ಅಲ್ಲಿಯವರೆಗೆ ನಾವೂ ಕೈಕಟ್ಟಿ ಕೂರಬೇಕಿಲ್ಲ. ಮೊಬೈಲ್‌ ಕೊಳ್ಳುವಾಗ ಹತ್ತು ಕಡೆ ಬೆಲೆ ಹೋಲಿಸುವ ನಮಗೆ ಇದು ಕಷ್ಟದ ಕೆಲಸವೂ ಅಲ್ಲ. ಮಾತ್ರೆಯ ಹಾಳೆಯ ಮೇಲೆ ಬ್ರ್ಯಾಂಡ್‌ ಹೆಸರಿನ ಜೊತೆ ಔಷಧದ ನಿಜವಾದ ಹೆಸರು ಮತ್ತು ಪ್ರಮಾಣ ಇರುತ್ತದೆ. ಅದನ್ನು ಓದಿ. ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್‌’ ಆ್ಯಪ್‌ನಲ್ಲಿ ನಿಗದಿತ ಬೆಲೆ ನೋಡಿ, ‘ಜನೌಷಧಿ ಸುಗಮ್‌’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಹುಡುಕಿ. ಅಪ್ಪ, ಅಮ್ಮನ ಜೊತೆ ಆಸ್ಪತ್ರೆಗೆ ಹೋದಾಗ ‘ಡಾಕ್ಟ್ರೇ, ಇದರ ಜೆನೆರಿಕ್‌ ಬರೆದುಕೊಡಬಹುದಾ?’ ಎಂದು ವಿನಯದಿಂದ ಕೇಳಿ. ವೈದ್ಯರಿಗೆ ಹೇಳದೆ ಮಾತ್ರೆ ಬದಲಿಸುವುದು, ನಿಲ್ಲಿಸುವುದು ಮಾತ್ರ ಬೇಡ. ನಮ್ಮ ಮನೆಯಲ್ಲಿ ಹೀಗೆ ಕೇಳಿದ ಮೇಲೆ ತಿಂಗಳ ಔಷಧದ ಬಿಲ್ಲು ಅರ್ಧಕ್ಕಿಂತ ಕೆಳಗಿಳಿದಿದೆ.

ಆದರೂ ಕೇಳಿದವರಿಗೆ ಮಾತ್ರ ಅಗ್ಗ, ಕೇಳಲು ಗೊತ್ತಿಲ್ಲದವರಿಗೆ ದುಬಾರಿ ಎಂಬುದು ವ್ಯವಸ್ಥೆಯಲ್ಲ. ಹಳ್ಳಿಯಿಂದ ಒಂಟಿಯಾಗಿ ಬಸ್ಸು ಹತ್ತಿ ಬರುವ ಅಜ್ಜಿಗೆ ಆ್ಯಪ್‌ ಇಲ್ಲ, ಕೇಳುವ ಧೈರ್ಯವೂ ಇಲ್ಲ. ಅವಳ ಚೀಟಿಯಲ್ಲೂ ಔಷಧದ ಹೆಸರೇ ಇರುವಂತಾದಾಗ ಮಾತ್ರ ಬೆಲೆ ಇಳಿಯಿತು ಎನ್ನಬಹುದು.